ಬಟನ್ ಕ್ಯಾಮೆರಾ ಎದೆಯ ಮೇಲೆ ಎಲ್ಲಿ ಇಟ್ಟರೆ ಮುಖ ಸರಿಯಾಗಿ ಬರುತ್ತದೆ? ವಿಡಿಯೋ ಮಿಸ್ಟರಿ ಶಾಪಿಂಗ್ ಮಾಡಿದವರು ಹೇಳಿ

ಮುಳ್ಳೇರಿಯದವಳು

ಎಲ್ಲರಿಗೂ ನಮಸ್ಕಾರ. ನಾನು ಮಿಸ್ಟರಿ ಶಾಪಿಂಗ್ ಕೆಲಸ ಮಾಡುತ್ತೇನೆ. ಏಜೆನ್ಸಿಯವರು ಹೇಳಿದ ಅಂಗಡಿಗೆ ಗ್ರಾಹಕಳ ಹಾಗೆ ಹೋಗುವುದು, ವಿಚಾರಿಸುವುದು, ಅಲ್ಲಿಯ ಸೇವೆ ಹೇಗಿತ್ತು ಅಂತ ಮನೆಗೆ ಬಂದು ಕಂಪನಿಗಾಗಿ ರಿಪೋರ್ಟ್ ಬರೆಯುವುದು. ಕಾಸರಗೋಡು ಜಿಲ್ಲೆಯಲ್ಲಿ ನನ್ನ ಹಾಗೆ ಮಾಡುವವರು ಇಲ್ಲಿ ಕೆಲವರಾದರೂ ಇದ್ದೀರಿ ಅಂತ ಗೊತ್ತು, ಅದಕ್ಕೇ ಕೇಳುತ್ತಿದ್ದೇನೆ.

ಇಷ್ಟು ಸಮಯ ಬರವಣಿಗೆಯ ರಿಪೋರ್ಟ್ ಮಾತ್ರ ಇತ್ತು. ಈಗ ಏಜೆನ್ಸಿಯವರು ಮೊದಲ ಸಲ ವಿಡಿಯೋ ಕೆಲಸ ಕೊಟ್ಟಿದ್ದಾರೆ. ಕಾರ್ ಶೋರೂಂ. ಕಿಟ್ ಕೊರಿಯರ್‌ನಲ್ಲಿ ಬಂತು. ಒಂದು ಬಟನ್ ಕ್ಯಾಮೆರಾ, ಅದಕ್ಕೊಂದು ತೆಳು ವಯರ್, ಸೊಂಟಕ್ಕೆ ಕಟ್ಟಿಕೊಳ್ಳುವ ಸಣ್ಣ ರೆಕಾರ್ಡರ್.

ಮನೆಯಲ್ಲಿ ಅಣ್ಣನನ್ನು ಎದುರು ನಿಲ್ಲಿಸಿ ಟ್ರಯಲ್ ಮಾಡಿದೆ. ಅವನ ಅಂಗಿ, ಕುತ್ತಿಗೆ ಎಲ್ಲ ಚೆಂದ ಬಂದಿದೆ. ಗದ್ದದಿಂದ ಮೇಲೆ ಏನೂ ಇಲ್ಲ. ಕೂತು ತೆಗೆದರೆ ಅರ್ಧ ಫ್ರೇಮ್ ಬರೀ ಮೇಜು. ಏಜೆನ್ಸಿಯ ಸೂಚನೆಯಲ್ಲಿ "ಎದೆಯ ಮಟ್ಟದಲ್ಲಿ ಇಡಿ, ಎದುರಿನವರ ಮುಖ ಮತ್ತು ಭುಜ ಕಾಣಬೇಕು" ಅಂತ ಇಷ್ಟೇ ಉಂಟು. ನನ್ನ ಎತ್ತರ 5 ಅಡಿ 1 ಇಂಚು, ಅಣ್ಣ 5 ಅಡಿ 7 ಇಂಚು. ಚೂಡಿದಾರ್ ಹಾಕುವುದು. ಕ್ಯಾಮೆರಾವನ್ನು ಇನ್ನೂ ಮೇಲೆ ಏರಿಸಬೇಕಾ, ಅಥವಾ ನಾನು ದೂರ ನಿಲ್ಲಬೇಕಾ?

ಹೊಸಂಗಡಿ

ಸ್ವಲ್ಪ ಹಿಂದೆ ನಿಂತುಕೊಳ್ಳಿ ಅಕ್ಕ. ಸುಲಭ ಅಲ್ವಾ?

ಉಪ್ಪಳದ ಹಳೇ ಶಾಪರ್

ಹಿಂದೆ ನಿಂತರೆ ಮುಖ ಬರುತ್ತದೆ, ಮಾತು ಬರುವುದಿಲ್ಲ. ಕಾರಿನ ಬೆಲೆ ಕೇಳುವವರು ಆರೇಳು ಅಡಿ ದೂರ ನಿಂತು ಕೇಳುತ್ತಾರಾ? ಸೇಲ್ಸ್‌ನವರು ತಾವಾಗಿಯೇ ಹತ್ತಿರ ಬರುತ್ತಾರೆ. ಮತ್ತೆ ಹಿಂದೆ ಸರಿಯುತ್ತಾ ಹೋದರೆ ಅವರಿಗೆ ಏನೋ ವಿಚಿತ್ರ ಅನಿಸುತ್ತದೆ.

ದೂರ ನಾಲ್ಕು ಅಡಿ ಇರಲಿ. ಮಾತಾಡಲು ಸಹಜವಾದ ದೂರ ಅದು. ಉಳಿದದ್ದನ್ನು ಕ್ಯಾಮೆರಾದ ಓರೆಯಲ್ಲೇ ಸರಿಮಾಡಬೇಕು. ಪೆರ್ಲದ ಅಣ್ಣ ಇದ್ದರೆ ಲೆಕ್ಕ ಹೇಳಲಿ. ಮದುವೆ ವಿಡಿಯೋ ಮಾಡಿ ಮಾಡಿ ಅವರಿಗೆ ಲೆನ್ಸಿನ ಸಂಗತಿ ಬಾಯಿಪಾಠ.

ಪೆರ್ಲ ವಿಡಿಯೋ

ಇದ್ದೇನೆ. ಮುಳ್ಳೇರಿಯದ ತಂಗಿ, ನಿಮ್ಮ ಫ್ರೇಮ್ ಗದ್ದಕ್ಕೇ ಯಾಕೆ ನಿಂತಿತು ಅಂತ ಲೆಕ್ಕದಲ್ಲೇ ಗೊತ್ತಾಗುತ್ತದೆ.

ನಿಮ್ಮದು 155 ಸೆಂಟಿಮೀಟರ್ ಎತ್ತರ. ಎದೆಯ ನಡುಭಾಗ ನೆಲದಿಂದ ಸುಮಾರು 115 ಸೆಂಟಿಮೀಟರ್‌ನಲ್ಲಿ ಬರುತ್ತದೆ. ಅಣ್ಣನದು 170. ಅವರ ಗದ್ದ ಸುಮಾರು 148ರಲ್ಲಿ. ಈ ಪುಟ್ಟ ಕ್ಯಾಮೆರಾಗಳ ನೋಟದ ಅಗಲ ಬೇರೆ ಬೇರೆ ಇರುತ್ತದೆ, ಲೆಕ್ಕಕ್ಕೆ 60 ಡಿಗ್ರಿ ಅಂತ ಇಟ್ಟುಕೊಳ್ಳೋಣ. ಅದು ಅಡ್ಡಕ್ಕೆ. ಟಿವಿ ಪರದೆಯ ಆಕಾರದ 16:9 ಚಿತ್ರದಲ್ಲಿ ಮೇಲಿಂದ ಕೆಳಕ್ಕೆ ಬರೀ 36 ಡಿಗ್ರಿ ಸಿಗುತ್ತದೆ. ಅಂದರೆ ಲೆನ್ಸಿನ ನೇರಕ್ಕಿಂತ ಮೇಲೆ 18, ಕೆಳಗೆ 18. ಒಂದು ಮೀಟರ್ ದೂರದಲ್ಲಿ 18 ಡಿಗ್ರಿ ಎಂದರೆ 32 ಸೆಂಟಿಮೀಟರ್. 115ಕ್ಕೆ 32 ಸೇರಿಸಿ. 147. ನಿಮ್ಮ ಅಣ್ಣನ ಗದ್ದ ಅಲ್ಲೇ ಉಂಟು.

ಕ್ಯಾಮೆರಾ ಸರಿಯಾಗಿಯೇ ಕೆಲಸ ಮಾಡುತ್ತಿದೆ. ನೇರ ನೋಡುತ್ತಿದೆ, ಅಷ್ಟೇ. ಅದು ಸ್ವಲ್ಪ ಮೇಲೆ ನೋಡಬೇಕು.

10 ಡಿಗ್ರಿ ಮೇಲೆ ಓರೆ ಮಾಡಿ, ದೂರವನ್ನು ನಾಲ್ಕು ಅಡಿಗೆ, ಅಂದರೆ 120 ಸೆಂಟಿಮೀಟರ್‌ಗೆ ಇಡಿ. ಆಗ ಫ್ರೇಮಿನ ಮೇಲಂಚು 179ಕ್ಕೆ ಹೋಗುತ್ತದೆ. ತಲೆ ಪೂರ್ತಿ ಬಂದು ಮೇಲೆ ಒಂದು ಗೇಣಿಗಿಂತ ಕಡಿಮೆ ಜಾಗ ಉಳಿಯುತ್ತದೆ. ಕೆಳಗೆ ಹೊಟ್ಟೆಯವರೆಗೂ ಕಾಣುತ್ತದೆ. ಕೈಯಲ್ಲಿ ಕೊಡುವ ಬ್ರೋಷರ್ ಕೂಡ ಬರುತ್ತದೆ. ಇದಕ್ಕಿಂತ ಜಾಸ್ತಿ ಓರೆ ಬೇಡ. 20 ಡಿಗ್ರಿ ಮಾಡಿದರೆ ಚಾವಣಿಯ ದೀಪಗಳೆಲ್ಲ ಒಳಗೆ ಬರುತ್ತವೆ. ಕ್ಯಾಮೆರಾ ಆ ಬೆಳಕು ನೋಡಿ ಇಡೀ ಚಿತ್ರವನ್ನು ಕಪ್ಪಾಗಿಸುತ್ತದೆ. ಮುಖ ಫ್ರೇಮಿನಲ್ಲಿದ್ದೂ ಯಾರೆಂದು ಗುರುತು ಸಿಗುವುದಿಲ್ಲ.

ಅಣ್ಣ ಮನೆಯಲ್ಲಿ ಇಲ್ಲದಿದ್ದರೆ ಗೋಡೆ ಸಾಕು. ನೆಲದಿಂದ 120, 150, 170 ಸೆಂಟಿಮೀಟರ್‌ಗೆ ಬಣ್ಣದ ಟೇಪ್ ಅಂಟಿಸಿ, ನಾಲ್ಕು ಅಡಿ ದೂರ ನಿಂತು ಅರ್ಧ ನಿಮಿಷ ರೆಕಾರ್ಡ್ ಮಾಡಿ. 170ರ ಟೇಪ್ ಮೇಲಂಚಿನಿಂದ ಸ್ವಲ್ಪ ಕೆಳಗೆ ಬರಬೇಕು. ಟೇಪ್ ಸೊಟ್ಟಗೆ ಕಂಡರೆ ಕ್ಯಾಮೆರಾ ಒಳಗೆ ತಿರುಗಿದೆ ಎಂದು ಅರ್ಥ. ಹೆಚ್ಚಿನ ಸಲ ವಯರ್ ಎಳೆದು ತಿರುಗಿಸುತ್ತದೆ.

ಕುಂಬಳೆ

ಮಾರಾಯ್ರೇ, ಕ್ಯಾಮೆರಾವನ್ನೇ ಅಡ್ಡ ತಿರುಗಿಸಿ ಉದ್ದಕ್ಕೆ ತೆಗೆದರೆ ಆಗದಾ? ಮೊಬೈಲಿನಲ್ಲಿ ತೆಗೆದ ಹಾಗೆ. ತಲೆಯಿಂದ ಸೊಂಟದವರೆಗೆ ಬರುತ್ತದೆ.

ನೀರ್ಚಾಲು ರಿವ್ಯೂ

ಬೇಡಿ. ನಾನು ಮನೆಯಲ್ಲೇ ಕೂತು ಇಂತಹ ಫೂಟೇಜ್ ನೋಡಿ ಅಂಕ ಹಾಕುವ ಕೆಲಸ ಮಾಡುತ್ತೇನೆ. ಉದ್ದಕ್ಕೆ ಬಂದದ್ದನ್ನು ಬಹಳ ಕಡೆ ತೆಗೆದುಕೊಳ್ಳುವುದಿಲ್ಲ. ಈ ವಿಡಿಯೋ ಆಮೇಲೆ ಅದೇ ಸಿಬ್ಬಂದಿಗೆ ತರಬೇತಿಯಲ್ಲಿ ತೋರಿಸಲಿಕ್ಕಿರುತ್ತದೆ. ಪಕ್ಕದಲ್ಲಿ ಇನ್ನೊಬ್ಬ ಸೇಲ್ಸ್‌ನವರು ಫೋನ್ ನೋಡುತ್ತಾ ನಿಂತಿದ್ದರೆ, ಕೌಂಟರ್ ಗಲೀಜಾಗಿದ್ದರೆ, ಅದೂ ಕಾಣಬೇಕು. ಉದ್ದ ಫ್ರೇಮಿನಲ್ಲಿ ಅಕ್ಕಪಕ್ಕ ಸಿಗುವುದಿಲ್ಲ.

ಇನ್ನೊಂದು ಮಾತು. ರಿಜೆಕ್ಟ್ ಆಗುವ ಫೂಟೇಜುಗಳಲ್ಲಿ ಕ್ಯಾಮೆರಾ ಇಟ್ಟ ಜಾಗ ತಪ್ಪಿದ್ದಕ್ಕಿಂತ ಮೈ ತಿರುಗಿಸದೇ ಇದ್ದದ್ದೇ ಜಾಸ್ತಿ ಕಾಣುತ್ತದೆ. ಯಾರಾದರೂ ಪಕ್ಕದಿಂದ ಮಾತಾಡಿಸಿದರೆ ನಾವು ಕುತ್ತಿಗೆ ಮಾತ್ರ ತಿರುಗಿಸುತ್ತೇವೆ. ಕಣ್ಣು ಅವರನ್ನು ನೋಡುತ್ತದೆ, ಕ್ಯಾಮೆರಾ ಎದುರಿನ ಕಂಬವನ್ನು ನೋಡುತ್ತಾ ಇರುತ್ತದೆ. ಪಾದ ತಿರುಗಿಸಿ. ಪಾದ ತಿರುಗಿದರೆ ಸೊಂಟ ತಿರುಗುತ್ತದೆ, ಎದೆಯೂ ತಿರುಗುತ್ತದೆ. ಶೋರೂಮಿನೊಳಗೆ ಕಾಲಿಡುವಾಗ "ನಮಸ್ಕಾರ" ಅಂದವರ ಮುಖ ಬರಲೇಬೇಕು, ಅದಕ್ಕೇ ಪ್ರತ್ಯೇಕ ಅಂಕ ಉಂಟು. ಆ ನಾಲ್ಕು ಸೆಕೆಂಡಿನಲ್ಲಿ ತಪ್ಪಿಸಿಕೊಂಡರೆ ಮತ್ತೆ ಸಿಗುವುದಿಲ್ಲ.

ಬದಿಯಡ್ಕ ಟೈಲರ್

10 ಡಿಗ್ರಿ ಓರೆ ಅಂತ ಹೇಳುವುದು ಸುಲಭ, ಬಟ್ಟೆಯಲ್ಲಿ ನಿಲ್ಲಬೇಕಲ್ಲ. ನನ್ನ ಹತ್ತಿರ ಇಬ್ಬರು ಇದೇ ಕೆಲಸಕ್ಕೆ ಟಾಪ್ ಹೊಲಿಸಿಕೊಂಡು ಹೋಗಿದ್ದಾರೆ. ಅದರ ಮೇಲೆ ಹೇಳುತ್ತೇನೆ.

ಹೆಂಗಸರಿಗೆ ಎದೆಯ ನಡುಭಾಗ ಸರಿಯಾದ ಜಾಗವೇ ಅಲ್ಲ. ಅಲ್ಲಿ ಬಟ್ಟೆ ಉಬ್ಬಿ ಕೆಳಕ್ಕೆ ಬೀಳುತ್ತದೆ, ಕ್ಯಾಮೆರಾ ನೆಲ ನೋಡುತ್ತದೆ. ಕೊರಳೆಲುಬಿನ ಕೆಳಗೆ, ಉಬ್ಬು ಶುರುವಾಗುವ ಮೊದಲು, ನಾಲ್ಕು ಬೆರಳಿನಷ್ಟು ಸಮತಟ್ಟು ಜಾಗ ಇರುತ್ತದೆ. ಅಲ್ಲಿ ಮೈಯೇ ಸ್ವಲ್ಪ ಮೇಲ್ಮುಖವಾಗಿ ಇಳಿಜಾರು. ಕ್ಯಾಮೆರಾ ತಾನಾಗಿ ಮೇಲೆ ನೋಡುತ್ತದೆ, ಎತ್ತರವೂ ಸ್ವಲ್ಪ ಸಿಗುತ್ತದೆ. ಅಲ್ಲಿಯವರೆಗೆ ಬಟನ್ ಪಟ್ಟಿ ಇರುವ ಕುರ್ತಿ ಹಾಕಿ. ಚೈನೀಸ್ ಕಾಲರ್ ಇದ್ದರೆ ಇನ್ನೂ ಒಳ್ಳೆಯದು, ಪಟ್ಟಿ ಬಿಗಿಯಾಗಿ ನಿಲ್ಲುತ್ತದೆ.

ಪಟ್ಟಿಯ ಹಿಂದೆ ಒಂದು ಪದರ ಕ್ಯಾನ್‌ವಾಸ್ ಕೊಡಿಸಿ. ಕಾಲರಿಗೆ ಹಾಕುತ್ತೇವಲ್ಲ, ಅದೇ. ತೆಳು ಕಾಟನ್ನಿಗೆ ಬರೀ ಕ್ಯಾಮೆರಾ ಹಾಕಿದರೆ ವಯರಿನ ಭಾರಕ್ಕೆ ಜೋತು ಬಿದ್ದು ಮೂತಿ ಕೆಳಗಾಗುತ್ತದೆ. ಓರೆ ಸಾಲದಿದ್ದರೆ ಕ್ಯಾಮೆರಾದ ಹಿಂದೆ ಕೆಳಭಾಗಕ್ಕೆ ಮಾತ್ರ ಶೋಲ್ಡರ್ ಪ್ಯಾಡಿನ ಸ್ಪಂಜಿನ ತುಂಡು ಇಡಿ. ಕೆಳಗಿನ ಅಂಚು ಮುಂದೆ ಬಂದರೆ ಲೆನ್ಸ್ ಮೇಲೆ ಹೋಗುತ್ತದೆ. ಹೊಟ್ಟೆ ಇರುವ ಗಂಡಸರಿಗೆ ಇದರ ಉಲ್ಟಾ. ಅವರ ಅಂಗಿಯೇ ಮೇಲ್ಮುಖ ಇಳಿಜಾರು ಆಗಿರುತ್ತದೆ, ಚಾವಣಿ ಮಾತ್ರ ಬರುತ್ತದೆ. ಎರಡನೇ ಬಟನ್ ಜಾಗದಲ್ಲಿಟ್ಟು ಸ್ಪಂಜನ್ನು ಮೇಲಿನ ಅಂಚಿಗೆ ಕೊಡಬೇಕು.

ಕಿಟ್ಟಿನಲ್ಲಿ ಕ್ಯಾಮೆರಾಕ್ಕೆ ಹಾಕುವ ಬಟನಿನ ಜತೆ ಅದೇ ತರದ ಡಮ್ಮಿ ಬಟನ್‌ಗಳೂ ಬರುತ್ತವೆ. ಅವನ್ನು ಉಳಿದ ಕಾಜಾಗಳಿಗೂ ಹೊಲಿಸಿ. ಎಲ್ಲ ಬಟನ್ ಒಂದೇ ತರ ಇದ್ದರೆ ಯಾರ ಕಣ್ಣೂ ಅಲ್ಲಿಗೆ ಹೋಗುವುದಿಲ್ಲ. ಕಪ್ಪು, ನೀಲಿ, ಕಂದು ಬಟ್ಟೆ ಆರಿಸಿ. ಬಿಳಿ ಬಟ್ಟೆಯಲ್ಲಿ ಲೆನ್ಸಿನ ಕಪ್ಪು ಚುಕ್ಕಿ ಎದ್ದು ಕಾಣುತ್ತದೆ.

ಶಾಲು ಬೇಡ. ಸೀರೆಯಂತೂ ಬೇಡವೇ ಬೇಡ, ಸೆರಗು ಎಲ್ಲಿ ಬಂದು ಕೂರುತ್ತದೆ ಅಂತ ಹೇಳಲಿಕ್ಕಾಗದು. ಉದ್ದ ಸರ, ತಾಳಿ ಸರ ಇದ್ದರೆ ಕುರ್ತಿಯ ಒಳಗೆ ಹಾಕಿಕೊಳ್ಳಿ. ಲೆನ್ಸಿಗೆ ಬಡಿದರೆ ಟಕ್ ಟಕ್ ಸದ್ದು ಮಾತಿಗಿಂತ ಜೋರಾಗಿ ಬರುತ್ತದೆ.

ಮುಳ್ಳೇರಿಯದವಳು

ಟೈಲರ್ ಅಕ್ಕ, ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ. ಏಜೆನ್ಸಿಯ ಸೂಚನೆಯಲ್ಲಿ ಗಂಡಸರ ಅಂಗಿಯ ಚಿತ್ರ ಮಾತ್ರ ಉಂಟು. ನಾಳೆಯೇ ಕುರ್ತಿ ತರುತ್ತೇನೆ.

ಕೂತಾಗ ಏನು ಮಾಡಲಿ? ಶೋರೂಮಿನಲ್ಲಿ ಅರ್ಧ ಹೊತ್ತು ಕೂತೇ ಮಾತಾಡಬೇಕಾಗುತ್ತದೆ. ಮತ್ತೆ ಟೆಸ್ಟ್ ಡ್ರೈವ್ ಕೂಡ ಪಟ್ಟಿಯಲ್ಲಿ ಉಂಟು.

ಬೇಳದವ

ನಡುವೆ ಬರುವುದಕ್ಕೆ ಕ್ಷಮಿಸಿ. ಇಷ್ಟೆಲ್ಲ ಓದಿ ನನಗೆ ಒಂದು ನಮೂನೆ ಆಯಿತು. ಸಂಬಳಕ್ಕೆ ದುಡಿಯುವ ಹುಡುಗರನ್ನು ಅವರಿಗೆ ತಿಳಿಯದ ಹಾಗೆ ವಿಡಿಯೋ ಮಾಡಿ ಕಂಪನಿಗೆ ಕೊಡುವುದು ಸರಿಯಾ? ಕ್ಯಾಮೆರಾ ಎಲ್ಲಿಡಬೇಕು ಅಂತ ಕೇಳುವ ಮೊದಲು ಇಡಬಹುದಾ ಅಂತ ಕೇಳಬೇಕಲ್ಲ.

ಕಾಸ್ರೋಡು ಸೇಲ್ಸ್

ನಾನೇ ಆ ಸಂಬಳಕ್ಕೆ ದುಡಿಯುವವ, ಹಾಗಾಗಿ ನನ್ನ ಮಾತು ಕೇಳಿ.

ಕೆಲಸಕ್ಕೆ ಸೇರುವಾಗಲೇ ನಮ್ಮಿಂದ ಸಹಿ ಹಾಕಿಸಿಕೊಂಡಿದ್ದಾರೆ. ಗುಣಮಟ್ಟ ನೋಡಲು ಯಾವಾಗ ಬೇಕಾದರೂ ಆಡಿಯೋ, ವಿಡಿಯೋ ಆಗಬಹುದು, ಒಪ್ಪಿಗೆ ಇದೆ ಅಂತ. ಯಾರು, ಯಾವಾಗ ಬರುತ್ತಾರೆ ಅಂತ ಮಾತ್ರ ಗೊತ್ತಿರುವುದಿಲ್ಲ. ಸಹಿ ಇಲ್ಲದೆ ಮಾಡಿದರೆ ನಾನೂ ಬೇಳದವರ ಪರವೇ.

ಆದರೆ ನಮಗೆ ನಿಜವಾಗಿ ಹೊಡೆತ ಬೀಳುವುದು ಕೆಟ್ಟದಾಗಿ ತೆಗೆದ ವಿಡಿಯೋದಿಂದ. ನನ್ನ ಜತೆಯವನಿಗೆ ಒಮ್ಮೆ "ಗ್ರಾಹಕರನ್ನು ನಗುಮುಖದಿಂದ ಸ್ವಾಗತಿಸಲಿಲ್ಲ" ಅಂತ ಅಂಕ ಕಳೆದರು. ವಿಡಿಯೋ ತರಿಸಿ ನೋಡಿದರೆ ಅವನ ಟೈ ಮಾತ್ರ ಕಾಣುತ್ತಿತ್ತು! ನಕ್ಕಿದ್ದಾನಾ ಇಲ್ಲವಾ ಅಂತ ಯಾರು ಹೇಳಬೇಕು? ಧ್ವನಿ ಕೇಳಿದರೆ ಒಳ್ಳೆ ಮಾತೇ ಆಡಿದ್ದಾನೆ. ಆ ತಿಂಗಳ ಇನ್ಸೆಂಟಿವ್ ಹೋಯಿತು. ಆದ್ದರಿಂದ ನಾನು ಇಲ್ಲಿ ಎಲ್ಲರಿಗೂ ಕೇಳಿಕೊಳ್ಳುವುದು, ದಯವಿಟ್ಟು ಮುಖ ಬರುವ ಹಾಗೆ ತೆಗೆಯಿರಿ. ನಮ್ಮ ತಪ್ಪು ಕಾಣಲಿ, ತೊಂದರೆ ಇಲ್ಲ. ನಮ್ಮ ಒಳ್ಳೆಯದೂ ಕಾಣಲಿ.

ಬೇಳದವ

ಸಹಿ ಇದ್ದರೆ ಬೇರೆ ಮಾತು. ಟೈ ನೋಡಿ ಅಂಕ ಕಳೆದದ್ದು ಅನ್ಯಾಯವೇ. ಆದರೂ ಸಹಿ ಇದೆಯಾ ಇಲ್ಲವಾ ಅಂತ ಶಾಪರ್‌ಗೆ ಹೇಗೆ ಗೊತ್ತಾಗಬೇಕು?

ಮಂಜೇಶ್ವರ ಲಾ

ಕೇಳಬೇಕು, ಬರಹದಲ್ಲಿ ತೆಗೆದುಕೊಳ್ಳಬೇಕು. ಕೆಲಸ ಒಪ್ಪುವ ಮೊದಲು ಏಜೆನ್ಸಿಗೆ ಒಂದು ಮೇಲ್ ಹಾಕಿ. ಈ ಸಿಬ್ಬಂದಿಯಿಂದ ವಿಡಿಯೋಕ್ಕೆ ಒಪ್ಪಿಗೆ ಪಡೆದಿದ್ದೀರಾ, ಮಳಿಗೆಯ ಮಾಲೀಕರ ಅನುಮತಿ ಪತ್ರ ಕೊಡುತ್ತೀರಾ ಅಂತ. ಆ ಪತ್ರದ ಪ್ರತಿ ಮೊಬೈಲಿನಲ್ಲಿ ಇರಲಿ. ಯಾರಾದರೂ ಹಿಡಿದರೆ ನಿಮ್ಮನ್ನು ಕಾಯುವುದು ಅದೇ. ಕೊಡುವುದಿಲ್ಲ ಅಂದರೆ ಕೆಲಸವೇ ಬೇಡ.

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಪುಟ್ಟಸ್ವಾಮಿ ಪ್ರಕರಣದಲ್ಲಿ ಹೇಳಿದೆ. ಅಲ್ಲಿ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರಲ್ಲಿ ಪ್ರತ್ಯೇಕ ಕಾನೂನೂ ಬಂದಿದೆ. ಹಾಗಾಗಿ ಫೂಟೇಜ್ ನಿಮ್ಮದಲ್ಲ. ಏಜೆನ್ಸಿಗೆ ಕಳಿಸಿ, ತಲುಪಿತು ಅಂತ ಉತ್ತರ ಬಂದ ಮೇಲೆ ಅಳಿಸಿ. ವಾಟ್ಸಾಪ್‌ನಲ್ಲಿ ಗೆಳತಿಯರಿಗೆ ತೋರಿಸುವ ಮಾತೇ ಇಲ್ಲ.

ಇದಕ್ಕಿಂತ ಮುಖ್ಯ ಒಂದು ಉಂಟು. ಬಟ್ಟೆ ಅಂಗಡಿಯ ಕೆಲಸ ಸಿಕ್ಕರೆ ಕ್ಯಾಮೆರಾ ಕಟ್ಟಿಕೊಂಡು ಟ್ರಯಲ್ ರೂಮಿನ ಕಡೆಗೇ ಹೋಗಬೇಡಿ. ಟಾಯ್ಲೆಟಿಗೂ ಅಷ್ಟೇ, ಎಲ್ಲ ಮುಗಿಸಿಕೊಂಡೇ ಹೊರಡಿ. ಖಾಸಗಿ ಸ್ಥಿತಿಯಲ್ಲಿರುವವರನ್ನು ಕದ್ದು ಚಿತ್ರೀಕರಿಸುವುದರ ವಿರುದ್ಧ ಇರುವ ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್, ಐಟಿ ಕಾಯ್ದೆಯ 66ಇ, ಎರಡೂ ಅಲ್ಲಿ ಕಾಯುತ್ತಿರುತ್ತವೆ. ಮೊದಲಿನದರಲ್ಲಿ ಮೊದಲ ಸಲಕ್ಕೇ ಒಂದರಿಂದ ಮೂರು ವರ್ಷ ಜೈಲು. "ಕ್ಯಾಮೆರಾ ಆಫ್ ಮಾಡಲು ಮರೆತೆ" ಅಂತ ಹೇಳುವ ಸ್ಥಿತಿಯೇ ಬರಬಾರದು.

ಅಮೆರಿಕದ ಶಾಪರ್‌ಗಳ ಸಲಹೆ ಓದಿ ಇಲ್ಲಿ ಹಾಗೇ ನಡೆಯುವವರಿಗೂ ಒಂದು ಮಾತು. ಅಲ್ಲಿಯ ಕೇಂದ್ರ ಕಾನೂನಿನಲ್ಲಿ ಮಾತುಕತೆಯಲ್ಲಿರುವ ಒಬ್ಬರು ಒಪ್ಪಿದರೆ ಸಾಕು. ಕ್ಯಾಲಿಫೋರ್ನಿಯಾದಂತಹ ರಾಜ್ಯಗಳಲ್ಲಿ ಖಾಸಗಿ ಮಾತುಕತೆಗೆ ಎಲ್ಲರೂ ಒಪ್ಪಬೇಕು. ಅವರವರ ರಾಜ್ಯ ನೋಡಿ ಬರೆದ ಸಲಹೆ ಅದು, ನಮ್ಮ ಲೆಕ್ಕಕ್ಕೆ ಹಿಡಿಯಬೇಡಿ.

ಬೇಳದವ

ಒಳ್ಳೆಯದಾಯಿತು ಕೇಳಿದ್ದು. ಮುಂದುವರಿಸಿ.

ಉಪ್ಪಳದ ಹಳೇ ಶಾಪರ್

ಕೂರುವ ವಿಷಯಕ್ಕೆ ಬರುತ್ತೇನೆ.

ಶೋರೂಮಿನಲ್ಲಿ ಮೊದಲು ಸೋಫಾ ತೋರಿಸುತ್ತಾರೆ. ಆ ಸೋಫಾಗಳು ತಗ್ಗು, ಆಳ. ಬೆನ್ನು ಒರಗಿಸಿದ ಕೂಡಲೇ ಎದೆ ಆಕಾಶ ನೋಡುತ್ತದೆ. ತುದಿಯಲ್ಲಿ ನೆಟ್ಟಗೆ ಕೂರಿ. ಕುರ್ಚಿ ಇದ್ದರೆ "ನನಗೆ ಬೆನ್ನುನೋವು, ಕುರ್ಚಿಯೇ ಆಗಬಹುದು" ಅಂದರೆ ಸಂತೋಷದಿಂದ ಕೊಡುತ್ತಾರೆ.

ಕುರ್ಚಿಯಲ್ಲಿ ಕೂತಾಗ ಮೇಜಿನ ಮೇಲೆ ಬಾಗುವ ಚಾಳಿ ಎಲ್ಲರಿಗೂ ಇರುತ್ತದೆ. ಬೆಲೆಪಟ್ಟಿ ತೋರಿಸಿದರಂತೂ ಮೂಗು ತಾಗುವಷ್ಟು ಬಾಗುತ್ತೇವೆ. ಆಗ ಮೇಜು ಮಾತ್ರ ಬರುತ್ತದೆ. ಕಾಗದವನ್ನು ಕೈಗೆತ್ತಿಕೊಂಡು ಓದಿ, ಆದರೆ ಹೊಟ್ಟೆಯ ಮಟ್ಟದಲ್ಲಿ ಹಿಡಿಯಿರಿ. ಎದೆಯ ಎದುರು ಹಿಡಿದರೆ ಕ್ಯಾಮೆರಾಕ್ಕೆ ಪರದೆ ಹಾಕಿದ ಹಾಗೆ. ಜ್ಯೂಸ್ ಲೋಟವೂ ಹಾಗೆಯೇ. ಕುಡಿದು ಮೇಜಿನ ಮೇಲೆ ಬದಿಗೆ ಇಡಿ.

ಇನ್ನೊಂದು ದೊಡ್ಡ ಅಡ್ಡಿ ಕಂಪ್ಯೂಟರ್. ಸೇಲ್ಸ್‌ನವರು ಅದರ ಹಿಂದೆ ಕೂತಿರುತ್ತಾರೆ, ನಿಮ್ಮ ಕಣ್ಣಿಗೆ ಅವರ ಮುಖ ಕಾಣುತ್ತದೆ. ಆದರೆ ಕ್ಯಾಮೆರಾ ನಿಮ್ಮ ಕಣ್ಣಿಗಿಂತ ಕೆಳಗೆ ಇರುವುದರಿಂದ ಅದಕ್ಕೆ ಪರದೆಯ ಬೆನ್ನು ಮಾತ್ರ ಕಾಣುತ್ತದೆ. ಕೂರುವಾಗಲೇ ಕುರ್ಚಿಯನ್ನು ಮೇಜಿನ ಮೂಲೆಗೆ ಎಳೆದುಕೊಳ್ಳಿ. "ಸ್ಕ್ರೀನ್ ನನಗೂ ಕಾಣಲಿ" ಅಂದರೆ ಸಹಜವಾಗಿಯೂ ಇರುತ್ತದೆ.

ನೀವು ಕೂತಿದ್ದು ಅವರು ನಿಂತೇ ಮಾತಾಡಿದರೆ ಆಗ ಮಾತ್ರ ಬೆನ್ನು ಒರಗಿಸಿ. ಹಿಂದೆ ಒರಗಿದಾಗ ಲೆನ್ಸ್ ಮೇಲೆ ಏಳುತ್ತದೆ, ಅವರ ಮುಖ ಸಿಗುತ್ತದೆ. ಅವರು ಕೂತ ಕೂಡಲೇ ಮತ್ತೆ ನೆಟ್ಟಗಾಗಿ.

ಪೆರ್ಲ ವಿಡಿಯೋ

ಉಪ್ಪಳದವರು ಹೇಳಿದ್ದಕ್ಕೆ ಲೆಕ್ಕ ಸೇರಿಸುತ್ತೇನೆ. ಇಬ್ಬರೂ ಒಂದೇ ಎತ್ತರದ ಕುರ್ಚಿಯಲ್ಲಿ ಕೂತರೆ ತಂಗಿಯ ಕ್ಯಾಮೆರಾ ನೆಲದಿಂದ ಸುಮಾರು 90 ಸೆಂಟಿಮೀಟರ್‌ನಲ್ಲಿ, ಎದುರಿನವರ ನೆತ್ತಿ ಸುಮಾರು 133ರಲ್ಲಿ. ನಾಲ್ಕು ಅಡಿ ದೂರಕ್ಕೆ ಅದೇ 10 ಡಿಗ್ರಿ ಓರೆ ಧಾರಾಳ ಸಾಕು. ನಿಲ್ಲುವುದಕ್ಕೆ ಒಂದು, ಕೂರುವುದಕ್ಕೆ ಒಂದು ಅಂತ ಬೇರೆ ಹೊಂದಿಸಬೇಕಾಗಿಲ್ಲ. ಬೆನ್ನು ನೆಟ್ಟಗಿದ್ದರೆ ಆಯಿತು.

ಬೆಳಕಿನ ಮಾತು ಯಾರೂ ಎತ್ತಲಿಲ್ಲ. ಹೆದ್ದಾರಿ 66ರ ಬದಿಯ ಶೋರೂಂಗಳಿಗೆ ಎದುರು ಪೂರ್ತಿ ಗಾಜು. ಸೇಲ್ಸ್‌ನವರ ಬೆನ್ನು ಗಾಜಿನ ಕಡೆ ಇದ್ದರೆ ಮುಖ ಕಪ್ಪು ನೆರಳಾಗಿ ಬರುತ್ತದೆ, ಹೊರಗಿನ ಬಸ್ಸು ಮಾತ್ರ ಸ್ಪಷ್ಟ. ಒಳಗೆ ಹೋದವರು ಕಾರಿನ ಸುತ್ತ ಒಂದು ಸುತ್ತು ಹಾಕಿ. ನಿಮ್ಮ ಬೆನ್ನು ಗಾಜಿನ ಕಡೆ, ಅವರ ಮುಖಕ್ಕೆ ಬೆಳಕು ಬೀಳುವ ಕಡೆ ನಿಂತು ಪ್ರಶ್ನೆ ಕೇಳಿ. ಅವರು ತಾವಾಗಿ ನಿಮ್ಮ ಎದುರು ಬಂದು ನಿಲ್ಲುತ್ತಾರೆ.

ಹೊಸಂಗಡಿ

ಚಿನ್ನದ ಅಂಗಡಿಯಲ್ಲಿ ಹೇಗೆ? ಅಲ್ಲಿ ಕನ್ನಡಿಯೇ ಕನ್ನಡಿ.

ಉಪ್ಪಳದ ಹಳೇ ಶಾಪರ್

ಕನ್ನಡಿಯಲ್ಲಿ ನಿಮ್ಮ ಎದೆಯನ್ನು ನೀವೇ ದಿಟ್ಟಿಸಿ ನೋಡದಿದ್ದರೆ ಏನೂ ಆಗುವುದಿಲ್ಲ. ಬೇರೆಯವರಿಗೆ ಅದು ಬರೀ ಬಟನ್. ಕಷ್ಟ ಕನ್ನಡಿಯದ್ದಲ್ಲ, ಕೌಂಟರಿನ ಗಾಜಿನ ಕೆಳಗಿನ ದೀಪಗಳದ್ದು. ಬಾಗಿ ನೆಕ್ಲೇಸ್ ನೋಡಿದರೆ ಇಡೀ ಫ್ರೇಮ್ ಬೆಳ್ಳಗಾಗುತ್ತದೆ. ಒಂದು ಹೆಜ್ಜೆ ಹಿಂದೆ ನಿಂತು, ತಟ್ಟೆಯಲ್ಲಿಟ್ಟು ತೋರಿಸಲು ಹೇಳಿ. ಹಳೇ ಜವಳಿ ಅಂಗಡಿಯಲ್ಲಿ ಹಾಸಿನ ಮೇಲೆ ಕೂತು ಸೀರೆ ಬಿಡಿಸುವವರಿದ್ದರೆ ನೀವೂ ಕೂರಲೇಬೇಕು, ನಿಂತರೆ ಅವರ ತಲೆಗೂದಲು ಮಾತ್ರ.

ನೀರ್ಚಾಲು ರಿವ್ಯೂ

ಟೆಸ್ಟ್ ಡ್ರೈವ್ ಬಗ್ಗೆ. ಸೀಟ್ ಬೆಲ್ಟ್ ಹಾಕಿದರೆ ಲೆನ್ಸ್ ಮುಚ್ಚಿಹೋಗುತ್ತದೆ. ಮುಚ್ಚಿದರೆ ಮುಚ್ಚಲಿ. ವಿಡಿಯೋಕ್ಕಾಗಿ ಬೆಲ್ಟ್ ತಪ್ಪಿಸುವುದು, ಬೆಲ್ಟನ್ನು ಕಂಕುಳ ಕೆಳಗೆ ಹಾಕಿಕೊಳ್ಳುವುದು ಮಾಡಬೇಡಿ. ಗಾಡಿ ಓಡುವಾಗ ಸೇಲ್ಸ್‌ನವರನ್ನು ಫ್ರೇಮಿಗೆ ತರಲು ಮೈ ತಿರುಗಿಸುವುದಂತೂ ಬೇಡವೇ ಬೇಡ. ಆ ಭಾಗಕ್ಕೆ ಆಡಿಯೋ ಸಾಕು ಅಂತ ಕೋಆರ್ಡಿನೇಟರ್ ಹತ್ತಿರ ಮೊದಲೇ ಮಾತಾಡಿ. ಅವರಿಗೂ ಗೊತ್ತಿರುತ್ತದೆ. ಇಳಿದ ಮೇಲೆ ಕುರ್ತಿ ಸರಿಮಾಡಿಕೊಳ್ಳುವ ಹಾಗೆ ಒಮ್ಮೆ ಕೈಯಾಡಿಸಿ, ಏಕೆಂದರೆ ಬೆಲ್ಟ್ ಒತ್ತಿದ ಜಾಗದಲ್ಲಿ ಕ್ಯಾಮೆರಾ ಓರೆಯಾಗಿರುತ್ತದೆ. ಒಮ್ಮೆ ಮಾತ್ರ. ಪದೇ ಪದೇ ಬಟನ್ ಮುಟ್ಟುವವರು ಫೂಟೇಜಿನಲ್ಲೂ ಗೊತ್ತಾಗುತ್ತಾರೆ, ಅಂಗಡಿಯಲ್ಲೂ ಗೊತ್ತಾಗುತ್ತಾರೆ.

ಹೆಗಲ ಬ್ಯಾಗ್ ಅಡ್ಡಕ್ಕೆ ಹಾಕಬೇಡಿ, ಪಟ್ಟಿ ನೇರ ಲೆನ್ಸಿನ ಮೇಲೆ ಬರುತ್ತದೆ. ಒಂದೇ ಹೆಗಲಿಗೆ ಜೋತು ಹಾಕಿ. ಕೈ ಕಟ್ಟಿ ನಿಲ್ಲುವ ಅಭ್ಯಾಸ ಇದ್ದರೆ ಆ ದಿನ ಬಿಡಿ.

ಕಾಸ್ರೋಡು ಸೇಲ್ಸ್

ಬಟನ್ ಮುಟ್ಟುವುದು ನಿಜ. ನಮಗೆ ಅನುಮಾನ ಬರುವುದು ಕ್ಯಾಮೆರಾ ಕಂಡು ಅಲ್ಲ. ಬೊಂಬೆಯ ಹಾಗೆ ನಿಂತು ಮೈಯೆಲ್ಲ ಒಟ್ಟಿಗೆ ತಿರುಗಿಸುವವರನ್ನು ಕಂಡು. ಪಾದ ತಿರುಗಿಸಿ ಅಂತ ಹೇಳಿದ್ದು ಸರಿ, ಆದರೆ ನಿಧಾನ, ನಡೆಯುತ್ತಾ ತಿರುಗಿ.

ಕುಂಬಳೆ

ಮಳೆಗಾಲದಲ್ಲಿ ಮಾಡಿದವರು ಯಾರಾದರೂ ಇದ್ದೀರಾ? ನಮ್ಮ ಕಡೆ ಜೂನ್‌ನಿಂದ ಮೈ ಒಣಗುವುದೇ ಇಲ್ಲ.

ಉಪ್ಪಳದ ಹಳೇ ಶಾಪರ್

ಡಬಲ್ ಸೈಡ್ ಟೇಪ್ ಬೆವರಿಗೆ ಬಿಟ್ಟುಬಿಡುತ್ತದೆ. ಔಷಧಿ ಅಂಗಡಿಯಲ್ಲಿ ಸಿಗುವ ಬಟ್ಟೆಯ ಪ್ಲಾಸ್ಟರ್ ಬಳಸಿ. ವಯರನ್ನು ಕ್ಯಾಮೆರಾದ ಹತ್ತಿರವೇ ಒಂದು ಸುತ್ತು ಸಡಿಲ ಬಿಟ್ಟು ಒಳಗಿನ ಬನಿಯನ್‌ಗೆ ಅಂಟಿಸಿ. ಆಗ ನೀವು ಕೂತೆದ್ದಾಗ ಎಳೆತ ಆ ಸುತ್ತಿಗೆ ಬೀಳುತ್ತದೆ, ಕ್ಯಾಮೆರಾಕ್ಕೆ ಅಲ್ಲ. ಬನಿಯನ್ ಮೈಗೆ ಅಂಟಿಕೊಳ್ಳುವಂಥದ್ದೇ ಆಗಬೇಕು. ಅದರ ಮೇಲೆ ಕಾಟನ್ ಹಾಕಿ. ನೈಲಾನ್, ಪಾಲಿಯೆಸ್ಟರ್ ಸರಸರ ಸದ್ದು ಮಾಡುತ್ತದೆ. ರೇನ್‌ಕೋಟನ್ನು ಹೊರಗೇ ಬಿಚ್ಚಿ ಹೋಗಿ.

ಮಂಜು ಹಿಡಿಯುವುದು ಒಳಗೆ ಹೋಗುವಾಗ ಅಲ್ಲ, ಹೊರಗೆ ಬರುವಾಗ. ಅಷ್ಟು ಹೊತ್ತು ಎಸಿಯಲ್ಲಿ ತಣ್ಣಗಾದ ಲೆನ್ಸ್ ಹೊರಗಿನ ಒದ್ದೆ ಗಾಳಿಗೆ ಮಂಜಾಗುತ್ತದೆ. ಕನ್ನಡಕ ಹಾಕುವವರಿಗೆ ಗೊತ್ತಿರುತ್ತದೆ. ಕೊನೆಗೆ ಅಂಗಡಿಯ ಬೋರ್ಡಿನ ವಿಡಿಯೋ ತೆಗೆಯಬೇಕಲ್ಲ, ಅದು ಮಸುಕಾಗಿ ಬರುತ್ತದೆ. ಹೊರಗೆ ಎರಡು ನಿಮಿಷ ಸುಮ್ನೆ ನಿಂತು ಆಮೇಲೆ ಬೋರ್ಡಿಗೆ ಎದುರಾಗಿ. ರೆಕಾರ್ಡಿಂಗ್ ನಿಲ್ಲಿಸಬೇಡಿ, ಒಳಗೆ ಹೋಗುವ ಮೊದಲಿನಿಂದ ಇಲ್ಲಿಯವರೆಗೆ ಒಂದೇ ಫೈಲ್ ಸರಣಿ ಇರಬೇಕು.

ಹೊಸಂಗಡಿ

ಭಾಷೆಯ ತೊಂದರೆ ಆಗುವುದಿಲ್ಲವಾ? ನಮ್ಮ ಊರಲ್ಲಿ ಸೇಲ್ಸ್‌ನವರು ಮಲಯಾಳದಲ್ಲಿ ಶುರುಮಾಡಿ, ತುಳುವಿಗೆ ಹೋಗಿ, ಬೆಲೆ ಹೇಳುವಾಗ ಕನ್ನಡಕ್ಕೆ ಬರುತ್ತಾರೆ.

ನೀರ್ಚಾಲು ರಿವ್ಯೂ

ಆಗುತ್ತದೆ. ಕೊಚ್ಚಿಯಲ್ಲಿ ಕೂತು ನೋಡುವವರಿಗೆ ತುಳು ಬರುವುದಿಲ್ಲ. ಫೈಲ್ ಕಳಿಸುವಾಗ "ಇಷ್ಟನೇ ನಿಮಿಷದಿಂದ ತುಳು" ಅಂತ ಒಂದು ಸಾಲು ಬರೆದು, ತುಳು ಗೊತ್ತಿರುವ ರಿವ್ಯೂವರ್‌ಗೆ ಕೊಡಿ ಅಂತ ಕೇಳಿಕೊಳ್ಳಿ. ನನಗೆ ಹಾಗೇ ಬರುತ್ತವೆ. ಬೇರೆಯವರಿಗೆ ಹೋದರೆ ಸೇಲ್ಸ್‌ನವರ ಒಳ್ಳೆಯ ವಿವರಣೆಗೆ ಅಂಕವೇ ಬೀಳುವುದಿಲ್ಲ.

ಕುಂಬಳೆ

ಇನ್ನೊಂದು ಕೇಳಬೇಕಿತ್ತು. ನನಗೆ ಒಂದು ಕಡೆಯಿಂದ ಮೆಸೇಜ್ ಬಂದಿದೆ, ವಿಡಿಯೋ ಕಿಟ್‌ಗೆ ಮೊದಲು ಡೆಪಾಸಿಟ್ ಕಟ್ಟಬೇಕಂತೆ.

ಉಪ್ಪಳದ ಹಳೇ ಶಾಪರ್

ಕಟ್ಟಬೇಡಿ. ಸೇರಲು ದುಡ್ಡು ಕೇಳಿದರೆ ಅಲ್ಲೇ ಬಿಟ್ಟುಬಿಡಿ.

ಮುಳ್ಳೇರಿಯದವಳು

ಎಲ್ಲರಿಗೂ ಉಪಕಾರ. ಒಂದೊಂದಾಗಿ ಮಾಡಿ ನೋಡಿದೆ.

ಕಡು ನೀಲಿ ಕುರ್ತಿಗೆ ಕ್ಯಾನ್‌ವಾಸ್ ಹಾಕಿಸಿ ಡಮ್ಮಿ ಬಟನ್ ಹೊಲಿಸಿದೆ. ಕ್ಯಾಮೆರಾ ಕೊರಳೆಲುಬಿನ ಕೆಳಗೆ ಬಂದದ್ದರಿಂದ ಸ್ಪಂಜು ಬೇಕಾಗಲೇ ಇಲ್ಲ, ಮೈಯ ಇಳಿಜಾರೇ ಸಾಕಾಯಿತು. ಗೋಡೆಯಲ್ಲಿ 170ರ ಟೇಪ್ ಮೇಲಂಚಿನಿಂದ ಸ್ವಲ್ಪ ಕೆಳಗೆ, ನೇರವಾಗಿ ಬಂದಿದೆ. ಅಣ್ಣ ಎದುರು ನಿಂತಾಗ ಅವನ ಹುಬ್ಬು ಏರಿದ್ದೂ ಕಾಣುತ್ತದೆ. ಅಡುಗೆಮನೆಯ ಕುರ್ಚಿಯಲ್ಲಿ ಕೂತೂ ನೋಡಿದೆ, ಬೆನ್ನು ನೆಟ್ಟಗಿರುವಷ್ಟು ಹೊತ್ತು ಮುಖ ತಪ್ಪುವುದಿಲ್ಲ. ಅನುಮತಿ ಪತ್ರಕ್ಕೆ ಮೇಲ್ ಹಾಕಿದ್ದೆ. ಪತ್ರ ಬಂದಿದೆ, ಸಿಬ್ಬಂದಿಯ ಒಪ್ಪಿಗೆ ಇದೆ ಅಂತಲೂ ಬರೆದಿದ್ದಾರೆ.

ಒಂದು ಮಾತ್ರ ಅರ್ಥವಾಗಲಿಲ್ಲ. ನಿನ್ನೆ ಟ್ರಯಲಿನಲ್ಲಿ ತಾರೀಕು ಸರಿ ಇತ್ತು. ಇವತ್ತಿನ ಫೈಲಿನ ಮೂಲೆಯಲ್ಲಿ ಯಾವುದೋ ಹಳೇ ವರ್ಷ ಬರುತ್ತಾ ಉಂಟು.

ನೀರ್ಚಾಲು ರಿವ್ಯೂ

ರಾತ್ರಿ ಬ್ಯಾಟರಿ ಪೂರ್ತಿ ಇಳಿದಿರಬೇಕು. ಪೂರ್ತಿ ಇಳಿದರೆ ಕೆಲವು ರೆಕಾರ್ಡರ್‌ಗಳ ಗಡಿಯಾರ ಮೊದಲಿಗೆ ಹೋಗಿಬಿಡುತ್ತದೆ. ಚಾರ್ಜ್ ಮಾಡಿ, ತಾರೀಕು ಮತ್ತು ಸಮಯವನ್ನು ಮೊಬೈಲ್ ನೋಡಿ ಸರಿಮಾಡಿ. ಹೋಗುವ ದಿನ ಶೋರೂಂ ಕಾಣದಷ್ಟು ದೂರದಲ್ಲಿ ರೆಕಾರ್ಡಿಂಗ್ ಶುರುಮಾಡಿ, ಮೊಬೈಲಿನ ಗಡಿಯಾರವನ್ನು ಲೆನ್ಸಿನ ಎದುರು ಎರಡು ಕ್ಷಣ ಹಿಡಿಯಿರಿ. ಮೂಲೆಯ ಸಮಯ ಆಮೇಲೆ ಕೈಕೊಟ್ಟರೂ ನಮಗೆ ಅದನ್ನು ನೋಡಿ ಸರಿಹೊಂದಿಸಲಿಕ್ಕಾಗುತ್ತದೆ.